ವ್ಯಾಪಾರ ಕುದುರದ ವಿಶ್ವವಿದ್ಯಾಲಯಗಳು

ಒಂಬತ್ತು ಹೊಸ ವಿವಿಗಳನ್ನು ಮುಚ್ಚಬೇಕಂತೆ. ಖರ್ಚು ಜಾಸ್ತಿ, ಗಿಟ್ಟುವುದಿಲ್ಲ. 2025ರ ಫೆಬ್ರುವರಿಯಲ್ಲಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಮಾಡಿದ ಶಿಫಾರಸು ನೀವೂ ಓದಿದ್ದೀರಿ, ಅಲ್ವಾ? ಕೊಡಗು, ಹಾವೇರಿ, ಕೊಪ್ಪಳ, ಚಾಮರಾಜನಗರ, ಮಂಡ್ಯ, ಎಲ್ಲ ಕಡೆ ವ್ಯಾಪಾರ ಡಲ್. ಬೀದರ್ ಮಾತ್ರ ಬಚಾವ್. ಅದರ ಕೆಳಗೆ ಕಾಲೇಜುಗಳು ಜಾಸ್ತಿ. ಗಿರಾಕಿ ಇರುವ ಅಂಗಡಿಗೆ ಯಾರು ಬೀಗ ಹಾಕುತ್ತಾರೆ?

ತೆರೆದವರನ್ನೂ ಹೊಗಳಬೇಕು. 2023ರ ಚುನಾವಣೆ ಹತ್ತಿರ ಬಂದಾಗ ಬೊಮ್ಮಾಯಿ ಸರ್ಕಾರ ತಲಾ 2 ಕೋಟಿ ರೂಪಾಯಿ ಲೆಕ್ಕದಲ್ಲಿ ವಿವಿಗಳನ್ನು ಉದ್ಘಾಟಿಸಿತು. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಂದು ಒಳ್ಳೆಯ ಫ್ಲ್ಯಾಟ್ ಬರುತ್ತದೆ, ಪಾರ್ಕಿಂಗ್ ಕೇಳಬೇಡಿ. ಆಮೇಲೆ ಬಂದ ಸರ್ಕಾರ ನೋಡಿದರೆ ಮೇಷ್ಟ್ರಿಲ್ಲ, ಕಟ್ಟಡ ಇಲ್ಲ, ಕಾಸಿಲ್ಲ. ಪಾಪ, ಕೊಡಬೇಕಾದವರೇ 'ಇವರ ಹತ್ರ ಏನೂ ಇಲ್ಲ ಸ್ವಾಮಿ' ಎಂದು ವರದಿ ಬರೆದರು.

ವಿವಿ ಬಿಡಿ, ಯಾವುದಾದರೂ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ, ಗುಣಮಟ್ಟ ಅಳೆದು ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವಾರ ಹೋಗಿ ನೋಡಿ. ಕಾಂಪೌಂಡಿಗೆ ಸುಣ್ಣ, ಕಾರಿಡಾರಿಗೆ ಬಾಡಿಗೆ ಹೂಕುಂಡ, ಬೇವಿನ ಮರದ ಕೆಳಗೆ ರಾತ್ರೋರಾತ್ರಿ ಹುಟ್ಟಿದ ಎರೆಹುಳು ಗೊಬ್ಬರದ ಗುಂಡಿ. ಮುರಿದ ಕೇರಂ ಬೋರ್ಡು ಇಟ್ಟಿದ್ದ ರೂಮಿನ ಬಾಗಿಲಿಗೆ 'ಪ್ಲೇಸ್‌ಮೆಂಟ್ ಸೆಲ್' ಅಂತ ಹೊಸ ಬೋರ್ಡು, ಒಳಗೆ ಕೇರಂ ಬೋರ್ಡು ಹಾಗೇ ಇದೆ. ವಿದ್ಯಾರ್ಥಿಗಳು ಈಗ ಸ್ಟೇಕ್‌ಹೋಲ್ಡರುಗಳು, ಫೀಡ್‌ಬ್ಯಾಕ್ ಫಾರಂ ತುಂಬುತ್ತಾರೆ. ತುಂಬಿಸುವವರು ಹದಿನೈದು ವರ್ಷದಿಂದ ಅತಿಥಿ ಉಪನ್ಯಾಸಕರಾಗಿಯೇ ಉಳಿದವರು. ಮುಂದಿನ ವರ್ಷ ತಮಗೆ ವರ್ಕ್‌ಲೋಡ್ ಸಿಗುತ್ತದೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಗ್ರೇಡ್ ಮಾತ್ರ ಚೆನ್ನಾಗಿ ಬರಬೇಕು.

ಹಳೆಯ ವಿವಿಗಳಿಗೋ ಬೇರೆಯೇ ಮಂತ್ರ: 'ಆಂತರಿಕ ಸಂಪನ್ಮೂಲ ಕ್ರೋಢೀಕರಿಸಿಕೊಳ್ಳಿ.' ಅಂದರೆ ಫೀಸು ಏರಿಸಿ. ನಿವೃತ್ತರ ಪಿಂಚಣಿಯನ್ನೂ ಅದರಲ್ಲೇ ಹೊಂದಿಸಿಕೊಳ್ಳಿ.

ಸಾಕಾಗಿದೆ ರೀ. ಪೊಲೀಸ್ ಠಾಣೆ ಎಷ್ಟು ದುಡಿಯಿತು ಅಂತ ಯಾವ ಉಪಸಮಿತಿಯೂ ಕೇಳುವುದಿಲ್ಲ, ಕಾಲೇಜಿನ ವಿಷಯ ಬಂದಾಗ ಮಾತ್ರ ಎಲ್ಲರೂ ಲೆಕ್ಕಿಗರಾಗುತ್ತಾರೆ. ಕೊಡಗು ವಿವಿ ಮುಚ್ಚಿ ಮತ್ತೆ ಮಂಗಳೂರು ವಿವಿಗೆ ಸೇರಿಸಿದರೆ, ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಾಗಿದೆ ಅಂತ ಸೋಮವಾರಪೇಟೆಯ ಹುಡುಗಿ ಬೆಳಗಿನ ಬಸ್ಸು ಹಿಡಿದು, ಸಂಪಾಜೆ ಘಾಟಿ ಕುಸಿಯದೆ ಇದ್ದರೆ ಆ ವಿವಿ ಇರುವ ಕೊಣಾಜೆ ತಲುಪಿ, 'ಸೆಕ್ಷನ್‌ನವರು ಇವತ್ತು ರಜೆ, ನಾಳೆ ಬಾಮ್ಮಾ' ಅನ್ನಿಸಿಕೊಂಡು ವಾಪಸ್ ಬರಬೇಕು. ಆ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?