ಬಾಲಕಿಯರ ಮೇಲುಗೈ ಅಂತೀರಿ, ಪ್ರಶ್ನೆ ಯಾರಿಗೆ ಕೇಳಿದ್ರಿ?

ಶಿಕ್ಷಕರ ಗ್ರೂಪೊಂದರಲ್ಲಿ ಈಗಷ್ಟೇ ಓದಿದ್ದು: "ಹುಡುಗ್ಯಾರ ಚಿಂತಿ ಇಲ್ಲ ಬಿಡ್ರಿ, ಪ್ರತಿ ವರ್ಷ ಅವರದೇ ಮೇಲುಗೈ. ಹುಡುಗರದೇ ಚಿಂತಿ." ಓದಿ ಸಿಟ್ಟು ಬಂತು. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಬಾಲಕಿಯರು ಶೇ 74, ಬಾಲಕರು ಶೇ 58ರಷ್ಟು ಪಾಸಾದದ್ದು ನಿಜ. ಆದರೆ ಅದೇ ಪಟ್ಟಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ 42.43 ತಗೊಂಡು ಕಟ್ಟಕಡೆಗೆ ನಿಂತಿತ್ತು. ಇಲ್ಲಿ ಇಬ್ಬರೂ ಸೋತಿದ್ದಾರೆ, ಬೇರೆ ಬೇರೆ ಕಾರಣಕ್ಕೆ.

ನನ್ನ ತಕರಾರು ಒಂದೇ. ತರಗತಿಯಲ್ಲಿ ಪ್ರಶ್ನೆ ಯಾರಿಗೆ ಹೋಗುತ್ತದೆ ಅನ್ನೋದನ್ನ ನಾವು ಎಣಿಸೋದೇ ಇಲ್ಲ.

ಒಂದು ಹಾಳೆ ಸಾಕು. ಬೆಂಚುಗಳ ನಕ್ಷೆ ಬರೀರಿ. 40 ನಿಮಿಷದ ಒಂದು ಪಿರಿಯಡ್, ಹಿಂದುಗಡೆ ಇನ್ನೊಬ್ಬ ಶಿಕ್ಷಕರು ಕೂತು, ಪ್ರಶ್ನೆ ಹೋದ ಜಾಗಕ್ಕೆ ಗುರುತು ಹಾಕಲಿ. ಒಂದೇ ಪದದಲ್ಲಿ ಮುಗಿಯುವ ಪ್ರಶ್ನೆಗೆ ಗೀಟು. "ಯಾಕೆ", "ಹೆಂಗೆ" ಅನ್ನುವ ಪ್ರಶ್ನೆಗೆ ಸೊನ್ನೆ. ಸೊನ್ನೆಗಳು ಹೆಚ್ಚಾಗಿ ಗುಂಪುಗೂಡೋದು "ನಾ ಹೇಳ್ತಿನ್ರಿ ಸರ್, ನಾ ಹೇಳ್ತಿನ್ರಿ" ಅಂತ ಎದ್ದು ನಿಲ್ಲುವ ಮುಂದಿನ ಐದಾರು ಹುಡುಗರ ಹತ್ತಿರ. ಹುಡುಗಿಯರ ಕಡೆ ಬರೀ ಗೀಟು: "ಆ ಸೂತ್ರ ಓದವ್ವ", "ಬರಕೊಂಡ್ರೇನವಾ?" ಹಿಂದಿನ ಬೆಂಚಿನ ಹುಡುಗರಿಗೆ ಗೀಟೂ ಇಲ್ಲ, ಸೊನ್ನೆಯೂ ಇಲ್ಲ. ಅವರ ಹೆಸರು ಬಾಯಿಗೆ ಬರೋದು ಬೈಯುವಾಗ ಮಾತ್ರ. ಅಮೆರಿಕದ ಮೈರಾ ಮತ್ತು ಡೇವಿಡ್ ಸ್ಯಾಡ್ಕರ್ ದಂಪತಿ ವರ್ಷಗಟ್ಟಲೆ ತರಗತಿಗಳನ್ನ ಗಮನಿಸಿ ಇಂಥದ್ದನ್ನೇ ದಾಖಲಿಸಿದ್ದರು. ಕೈ ಎತ್ತದೆ ಹುಡುಗ ಕೂಗಿದರೆ ಉತ್ತರಕ್ಕೆ ಬೆಲೆ, ಹುಡುಗಿ ಕೂಗಿದರೆ "ಮೊದಲು ಕೈ ಎತ್ತು".

"ಹುಡುಗ್ಯಾರು ಬಾಯೇ ಬಿಡಂಗಿಲ್ರಿ, ನಾಚಿಕಿ" ಅನ್ನೋರಿಗೆ ಕೇಳ್ತೀನಿ: ಎಷ್ಟು ಹೊತ್ತು ಕಾದ್ರಿ? ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯೋದು ಸುಮಾರು ಒಂದು ಸೆಕೆಂಡ್ ಮಾತ್ರ ಅಂತ ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದಾರೆ. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರೋ ಮಕ್ಕಳೂ ಬಾಯಿ ಬಿಡುತ್ತಾರೆ. ನಮ್ಮ ಕಡೆ ಮೂರೂ ಸಾಲದು. ಗುರುಮಠಕಲ್ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಭಾಲ್ಕಿ, ಔರಾದ ಕಡೆ ಮರಾಠಿ, ತಾಂಡಾದಲ್ಲಿ ಲಂಬಾಣಿ. ತಾಂಡಾದ ಹುಡುಗಿ ಪ್ರಶ್ನೆಯನ್ನ ಮನೆಮಾತಿಗೆ ತಂದು, ಉತ್ತರ ಹುಡುಕಿ, ಅದನ್ನ ಹೊಳ್ಳಿ ಕನ್ನಡದಾಗ ಜೋಡಿಸಬೇಕು. ಆಕೆ ಇನ್ನೇನು ಬಾಯಿ ತೆರೀಬೇಕು, ಅಷ್ಟರಲ್ಲಿ ಮುಂದಿನ ಬೆಂಚಿನವ ಕೂಗಿರುತ್ತಾನೆ. ಇದಕ್ಕೆ ನಾವು ನಾಚಿಕೆ ಅಂತ ಹೆಸರಿಟ್ಟೆವು. ಬಸವಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮ ಅಕ್ಕಮಹಾದೇವಿಗೆ ಸವಾಲಿನ ಮೇಲೆ ಸವಾಲು ಹಾಕಿ, ಆಕೆಯ ಉತ್ತರಕ್ಕೆ ಕಿವಿಗೊಟ್ಟ ಅಂತ ಹೇಳಿಕೊಳ್ಳುವ ನಾಡು ನಮ್ಮದು!

ಮಾಡಬೇಕಾದ್ದು ದೊಡ್ಡದೇನಲ್ಲ. ಹಳೇ ರಟ್ಟು ಕತ್ತರಿಸಿ ಎಲ್ಲರ ಹೆಸರಿನ ಚೀಟಿ ಮಾಡಿ ಡಬ್ಬಿಗೆ ಹಾಕ್ರಿ. ಮೊದಲು ಪ್ರಶ್ನೆ, ಮನಸ್ಸಿನಲ್ಲೇ ಐದು ಎಣಿಕೆ, ಆಮೇಲೆ ಚೀಟಿ. ಹೆಸರು ಮೊದಲು ಕರೆದರೆ ಉಳಿದವರು ಯೋಚಿಸೋದನ್ನ ಅಲ್ಲಿಗೇ ಬಿಡುತ್ತಾರೆ. ತೆಗೆದ ಚೀಟಿಯನ್ನ ಮತ್ತೆ ಡಬ್ಬಿಗೇ ಹಾಕಬೇಕು, ಇಲ್ಲದಿದ್ದರೆ "ನಂದು ಮುಗೀತು" ಅಂತ ಮಗು ನಿರಾಳವಾಗುತ್ತದೆ. ಉತ್ತರ ಬರದಿದ್ದರೆ ಮಗುವನ್ನ ನಿಂತೇ ಇರಿಸಬೇಡಿ, "ಕೂಡು, ಎರಡು ಮಂದಿ ಆದಮ್ಯಾಲ ಹೊಳ್ಳಿ ನಿನಗೇ ಕೇಳ್ತೀನಿ" ಅನ್ರಿ. ಹೇಳಿದ ಮೇಲೆ ಮರೀದೆ ಕೇಳ್ರಿ.

ವಿಜ್ಞಾನದ ಪ್ರಯೋಗದಲ್ಲಂತೂ ಅನ್ಯಾಯ ಕಣ್ಣಿಗೇ ಕಾಣುತ್ತದೆ. ಬ್ಯಾಟರಿ ಸೆಲ್, ಬಲ್ಬ್, ವೈರ್ ಕೊಟ್ಟರೆ ವೈರಿನ ತುದಿ ಸುಲಿಯೋನು ಹುಡುಗ, "ಅಕ್ಷರ ಚೆಂದ" ಅಂತ ವೀಕ್ಷಣೆ ಬರೆಯೋಕೆ ಹುಡುಗಿ. ವರ್ಷದ ಕೊನೆಗೆ ಆಕೆಗೆ ವಿದ್ಯುತ್ ಮಂಡಲದ ಚಿತ್ರ ಬಾಯಿಪಾಠ, ಬಲ್ಬ್ ಹತ್ತದಿದ್ದರೆ ಎಲ್ಲಿ ನೋಡಬೇಕು ಅಂತ ಗೊತ್ತಿಲ್ಲ. ಅವನಿಗೆ ಬಲ್ಬ್ ಹಚ್ಚೋದು ಗೊತ್ತು, ಅದನ್ನ ಎರಡು ಸಾಲಿನಲ್ಲಿ ಬರೆಯೋಕೆ ಬರೋದಿಲ್ಲ. ಪರೀಕ್ಷೆ ಕೇಳೋದು ಆ ಎರಡು ಸಾಲನ್ನೇ, ಅದಕ್ಕೇ ಅವನು ಫೇಲ್. ನಾಲ್ಕು ಮಂದಿಯ ಗುಂಪು ಮಾಡಿ, ಹೋದ ಸಲ ಬರೆದವರು ಈ ಸಲ ಸಾಮಾನು ಮುಟ್ಟಲಿ. ಮೂರು ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನ ಕೂಡಿಸಬೇಡಿ, ಆಕೆ ಪೂರಾ ಮೌನವಾಗುತ್ತಾಳೆ. ಕನಿಷ್ಠ ಇಬ್ಬರಿರಲಿ.

ಹುಡುಗರ ಓದಿನದೂ ಇದೇ ಕಥೆ. ಒಂಬತ್ತನೇ ತರಗತಿಯ ಹುಡುಗನನ್ನ ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸಿ, ತಡವರಿಸಿದಾಗ ನಕ್ಕರೆ, ಮರುದಿನ ಅವನು ಪುಸ್ತಕ ತರೋದಿಲ್ಲ. ಜೋಡಿ ಮಾಡಿ ಎರಡೆರಡು ನಿಮಿಷ ಮೆಲ್ಲಗೆ ಒಬ್ಬರಿಗೊಬ್ಬರು ಓದಲಿ.

"ಒಂದು ಕೋಣ್ಯಾಗ 60 ಮಕ್ಕಳು, ಸಿಲೆಬಸ್ ಮುಗಿಸೋದೋ, ಗೀಟು ಎಣಿಸೋದೋ?" ಅಂತ ಕೇಳ್ತೀರಿ. ಆರರಿಂದ ಎಂಟನೇ ತರಗತಿಗೆ ಶಿಕ್ಷಣ ಹಕ್ಕು ಕಾಯ್ದೆ ಹೇಳೋದು ಶಿಕ್ಷಕರೊಬ್ಬರಿಗೆ 35 ಮಕ್ಕಳು. ಖಾಲಿ ಹುದ್ದೆ ತುಂಬದಿರೋದು ಸರ್ಕಾರದ ತಪ್ಪು, ಅದರ ಜಗಳದಲ್ಲಿ ನಾನೂ ನಿಮ್ಮ ಜೊತೆಗಿದ್ದೀನಿ. ಆದರೆ ಎಣಿಸೋದು ತಿಂಗಳಿಗೆ ಒಂದು ಪಿರಿಯಡ್. ಪಾಠದ ಹೊತ್ತಿನಲ್ಲೇ ಕಸ ಹೊಡೆಯೋಕೆ, ಚಹಾದ ಕಪ್ಪು ತೊಳೆಯೋಕೆ ಅದೇ ಇಬ್ಬರು ಹುಡುಗಿಯರನ್ನ, ಅಕ್ಕಿ ಚೀಲ ಇಳಿಸೋಕೆ ಅದೇ ಹುಡುಗರನ್ನ ಎಬ್ಬಿಸಿ ಕಳಿಸುವಾಗ ಸಿಲೆಬಸ್ ಯಾರಿಗೂ ನೆನಪಾಗೋದಿಲ್ಲ.

ಇನ್ನು ಹತ್ತಿ ಬಿಡಿಸೋ ಕಾಲ. ಯಾದಗಿರಿ ಕಡೆ ವಾರಗಟ್ಟಲೆ ಹುಡುಗಿಯರ ಬೆಂಚು ಖಾಲಿ. ಹೊಳ್ಳಿ ಬಂದ ದಿನವೇ ತಪ್ಪಿದ ಪಾಠದ ಪ್ರಶ್ನೆ ಕೇಳಿ ತಲೆ ತಗ್ಗಿಸುವಂತೆ ಮಾಡಬೇಡಿ. ಹೋಗೋ ಮುಂಚೆ ಆಕೆ ಕಲಿತದ್ದರಿಂದ ಒಂದು "ಯಾಕೆ" ಕೇಳ್ರಿ, ಐದು ಎಣಿಸ್ರಿ, ಉತ್ತರ ಬಂದ ಮೇಲೆ ಹೊಸ ಪಾಠ ತೆಗೀರಿ.