ಯಾವ ಬ್ಯಾಕ್ಟೀರಿಯಾ ಅನ್ನೋದೂ ಮುಖ್ಯ
ಬ್ರಾಯ್ಲರ್ ಕೋಳಿಗೆ ‘ಯಾವ ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ) ಆದರೂ ಸರಿ, ಫೀಡಿಗೆ ಬೆರೆಸಿದರೆ ಸಾಕು’ ಎಂದು ಬರೆದಿದ್ದೀರಲ್ಲ, ಅದನ್ನು ಒಪ್ಪಲಾರೆ. ಒತ್ತಿ ಪೆಲೆಟ್ (ಗುಳಿಗೆ) ಮಾಡುವಾಗ ಫೀಡು 70–90 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬಹುಪಾಲು ಅಲ್ಲೇ ಸಾಯುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬೀಜಕದ (ಗಟ್ಟಿ ಕವಚದೊಳಗೆ ನಿದ್ರಿಸುವ) ರೂಪದಲ್ಲಿರುವುದರಿಂದ ತಡೆದುಕೊಳ್ಳುತ್ತದೆ. ನೀರಲ್ಲಿ ಕೊಡೋಣ ಅಂದರೆ ಅಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರಿನ್! ನಾನೂ ಒಂದು ಬ್ಯಾಚಿಗೆ ಪ್ರೋಬಯಾಟಿಕ್ ಪುಡಿಯನ್ನು ಸುಮ್ನೆ ಕ್ಲೋರಿನ್ ನೀರಿಗೆ ಸುರಿದು ಕೈಸುಟ್ಟುಕೊಂಡವನೇ. ಲಿಟರ್ (ನೆಲಕ್ಕೆ ಹಾಕಿದ ಹಾಸು) ಅದೇ ಹಸಿ, ಶೆಡ್ಡಿಗೆ ಕಾಲಿಟ್ಟರೆ ಕಣ್ಣುರಿಸುವ ಅದೇ ಅಮೋನಿಯಾ. ಮೊದಲ ದಿನದ ಮರಿಗೇ ಕೊಟ್ಟರೆ ಲಾಭ ಜಾಸ್ತಿ ಅನ್ನುವುದು ನಿಜ. ಆಗ ಕರುಳು ಹೆಚ್ಚುಕಮ್ಮಿ ಖಾಲಿ. ಒಳ್ಳೆಯ ಬ್ಯಾಕ್ಟೀರಿಯಾ ಮೊದಲು ಜಾಗ ಹಿಡಿದರೆ ಸಾಲ್ಮೊನೆಲ್ಲಾ ಎಂಬ ರೋಗಾಣುವಿಗೆ ನೆಲೆ ಸಿಗುವುದು ಕಷ್ಟ. ಆದರೆ ಅದೇ ವಾರ ಆಂಟಿಬಯಾಟಿಕ್ಕೂ ಕೊಟ್ಟರೆ ಹಾಕಿದ್ದೆಲ್ಲ ಹೋಯ್ತು, ಅಲ್ವಾ?