ಹದಿನಾಲ್ಕು ಸಾವಿರ ಕಿಲೋಮೀಟರ್, ಮೂರೂವರೆ ಗಂಟೆ

ಮಗಳ ಬಾಣಂತನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಗಂಟೆ ಪ್ರಯಾಣ?’ ಅವರು ಟಿಕೆಟ್ ನೋಡಿ ಹೇಳಲು ಹೋಗುತ್ತಾರೆ. ಎಡವಟ್ಟಾಗುವುದು ಅಲ್ಲೇ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಬೆಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನೇಳು ಗಂಟೆ ಹಾರಿದರೂ ಅಲ್ಲಿ ಇಳಿಯುವಾಗ ಅದೇ ದಿನದ ಸಂಜೆ ಐದೂವರೆ! ‘ಮೂರೂವರೆ ಗಂಟೆ ಅಷ್ಟೇ ಅಲ್ವಾ? ಹುಬ್ಬಳ್ಳಿ ರೈಲಿಗಿಂತ ಬೇಗ’ ಅನ್ನುತ್ತಾರೆ ಅತ್ತೆ.

ದೂರದ ಲೆಕ್ಕ ಇಷ್ಟು ತಲೆ ಕೆಡಿಸುವುದಿಲ್ಲ. ನೇರ ಹಾದಿ ಸುಮಾರು 14,000 ಕಿ.ಮೀ. ಆದರೆ ಯಾವ ಕಡೆಗೆ ನೇರ? ಮಕ್ಕಳ ಗ್ಲೋಬ್ ತಗೊಂಡು ಬೆಂಗಳೂರಿನ ಮೇಲೊಂದು ಬೆರಳು, ಸ್ಯಾನ್ ಫ್ರಾನ್ಸಿಸ್ಕೋ ಮೇಲೊಂದು ಬೆರಳು ಇಟ್ಟು ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ನಿಲ್ಲುವುದಿಲ್ಲ, ಪಶ್ಚಿಮಕ್ಕೂ ನಿಲ್ಲುವುದಿಲ್ಲ. ಜಾರಿಕೊಂಡು ಉತ್ತರ ಧ್ರುವದ ಹತ್ತಿರ ಹೋಗಿ ಕೂರುತ್ತದೆ. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ, ಅದಕ್ಕೇ.

2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದದ್ದು ಧ್ರುವದ ಮೇಲೆಯೇ. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರೇ. ಜನವರಿ 9ರ ರಾತ್ರಿ ಅಲ್ಲಿ ಬಿಟ್ಟದ್ದು 11ರ ಬೆಳಗಿನ ಜಾವ ಇಲ್ಲಿ ಇಳಿಯಿತು. ನಡುವಿನ 10ನೇ ತಾರೀಕು ಹುಟ್ಟುಹಬ್ಬ ಇದ್ದವರು ಏನು ಮಾಡಿದರೋ! ಧ್ರುವ ನೋಡೋಣವೆಂದು ಕಿಟಕಿ ಸೀಟು ಹಿಡಿದಿದ್ದರೂ ಲಾಭವಿಲ್ಲ. ಜನವರಿಯಲ್ಲಿ ಅಲ್ಲಿ ಇಪ್ಪತ್ನಾಲ್ಕು ಗಂಟೆಯೂ ಕತ್ತಲೆ.

ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತದೆ ಅಂತಲೂ ಇಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದೂರ ಸುಮಾರು 1,400 ಕಿ.ಮೀ. ಜಾಸ್ತಿಯಾಗಿ 15,300 ಕಿ.ಮೀ. ಆಯಿತು. ಆದರೂ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು, ಮೊದಲಿಗಿಂತ ಬೇಗ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ ಹಿಂದಿನಿಂದ ತಳ್ಳುತ್ತಿತ್ತು.

ಕಿಲೋಮೀಟರ್, ಗಾಳಿ ಎಲ್ಲ ಪೈಲಟ್‌ಗಿರಲಿ. ನಮ್ಮ ಅಪ್ಪ ಅಮ್ಮಂದಿರು ದೂರ ಅಳೆಯುವುದು ನಡುವೆ ಎಷ್ಟು ವಿಮಾನ ಬದಲಿಸಬೇಕು ಅನ್ನುವುದರಲ್ಲಿ. ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಗೇಟು ಹುಡುಕುವ ಭಯಕ್ಕೇ ಮನೆಯಲ್ಲಿ ಚೆನ್ನಾಗಿ ಓಡಾಡುವವರೂ ವೀಲ್‌ಚೇರ್ ಕೇಳುತ್ತಾರೆ. ನನಗೇನೂ ಅದು ತಪ್ಪು ಅನ್ನಿಸುವುದಿಲ್ಲ. ತಳ್ಳುವ ಹುಡುಗ ಸರಿಯಾದ ಗೇಟಿಗೆ ಬಿಡುತ್ತಾನಲ್ಲ, ಸಾಕು. ನೇರ ವಿಮಾನವಾದರೆ ಒಂದು ಸಲ ಹತ್ತು, ಒಂದು ಸಲ ಇಳಿ. ಅಂಟಿನ ಉಂಡೆ ಡಬ್ಬಿಯನ್ನು ಕೈಚೀಲದಲ್ಲೇ ಇಟ್ಟುಕೊಂಡು ಕೂತರಾಯಿತು. ‘ಕಾಲು ಊದಿಕೊಳ್ಳತ್ತೆ, ಆಗಾಗ ಎದ್ದು ಓಡಾಡಮ್ಮ’ ಅಂತ ಮಗಳು ಫೋನಿನಲ್ಲಿ ಹತ್ತು ಸಲ ಹೇಳಿರುತ್ತಾಳೆ. ಯಾರು ಕೇಳುತ್ತಾರೆ? ಪಕ್ಕದ ಸೀಟಿನವರು ಮಲಗಿದ್ದಾರೆ, ಎಬ್ಬಿಸಲು ಸಂಕೋಚ.